ನಾನು ವ್ಯಾನ್ ಹತ್ತಲಿಲ್ಲ

ಐವತ್ತು ದಾಟಿದವನ ಕೈಯಿಂದ ಜನ ಒಂದೊಂದಾಗಿ ಸಾಮಾನು ಕಸಿದುಕೊಳ್ಳಲು ಶುರು ಮಾಡುತ್ತಾರೆ. ಮೊದಲು ಗ್ಯಾಸ್ ಸಿಲಿಂಡರ್. "ನೀವು ಬಿಡಿ ಸಾರ್, ನಾವು ಎತ್ತುತ್ತೇವೆ" ಎಂದು ಪಕ್ಕದ ಮನೆಯವರು ಓಡಿ ಬರುತ್ತಾರೆ. ಆಮೇಲೆ ತರಕಾರಿ ಚೀಲ, ಆಮೇಲೆ ಅಟ್ಟಕ್ಕೆ ಹತ್ತುವ ಏಣಿ. ಎಲ್ಲರಿಗೂ ನನ್ನ ಮೇಲೆ ಎಂಥ ಕರುಣೆ! ಟೌನ್ ಬಸ್ಸಿನಲ್ಲಿ ಕಾಲೇಜು ಹುಡುಗಿಯೊಬ್ಬಳು ಎದ್ದು ಸೀಟು ಬಿಟ್ಟುಕೊಟ್ಟ ದಿನ ನಾನು ಕೂರಲಿಲ್ಲ. ಬಿಟ್ಟುಕೊಟ್ಟ ಮೇಲೆ ಅವಳೂ ಕೂರಲಿಲ್ಲ. ಗಾಂಧಿಪುರದವರೆಗೆ ನಾವಿಬ್ಬರೂ ಕಂಬ ಹಿಡಿದುಕೊಂಡು ನಿಂತೆವು, ಸೀಟು ಮಾತ್ರ ಸುಖವಾಗಿ ಪ್ರಯಾಣ ಮಾಡಿತು. ನಾನು ಇಂಥವನು ಎಂದು ಮೊದಲೇ ಹೇಳಿಬಿಟ್ಟರೆ ಮುಂದಿನದು ಅರ್ಥವಾಗಲು ಸುಲಭ.

ಸೈಕಲ್ ಕೊಂಡದ್ದೂ ಇದೇ ಸಿಟ್ಟಿನಲ್ಲಿ. ಪೀಳಮೇಡಿನ ನಮ್ಮ ಬಡಾವಣೆಯಲ್ಲಿ ಬೆಳಗ್ಗೆ ಸೈಕಲ್ ತುಳಿಯುವ ಒಂದು ಗುಂಪಿದೆ. ಹನ್ನೊಂದು ಜನ. ನನ್ನನ್ನು ಬಿಟ್ಟರೆ ಉಳಿದವರಲ್ಲಿ ಯಾರಿಗೂ ನಲವತ್ತಾಗಿಲ್ಲ. ನಾಯಕ ಕಾರ್ತಿ ಎಂಬ ಹಲ್ಲಿನ ಡಾಕ್ಟರು. ಅವನ ಮೀನಖಂಡ ನೋಡಿದರೆ ಹಲ್ಲನ್ನು ಕಾಲಿನಿಂದಲೇ ಕೀಳುತ್ತಾನೇನೋ ಅನ್ನಿಸುತ್ತದೆ. ಮಾರ್ಗಳಿಯ, ಅಂದರೆ ಧನುರ್ಮಾಸದ, ಚಳಿಯಲ್ಲಿ, ಒಂದು ಭಾನುವಾರ, ಅನ್ನೂರು, ಅವಿನಾಶಿ, ಕರುಮತ್ತಂಪಟ್ಟಿ ಸುತ್ತಿ ಮತ್ತೆ ಪೀಳಮೇಡಿಗೆ, ಹತ್ತಿರ ಹತ್ತಿರ ನೂರು ಕಿಲೋಮೀಟರು ಹೋಗುವುದೆಂದು ಅವನು ಹೇಳಿದಾಗ ಮೊದಲು ಕೈ ಎತ್ತಿದವನು ನಾನು. ಕಾರ್ತಿ ನನ್ನ ಹೆಗಲ ಮೇಲೆ ಮೆಲ್ಲಗೆ ಕೈಯಿಟ್ಟು, "ಮುಡಿಯಲೇನಾ ಪರವಾಯಿಲ್ಲೆ ಅಂಕಿಳ್, ಪಿನ್ನಾಡಿ ವ್ಯಾನ್ ವರುಂ" ಅಂದ. ಆಗದಿದ್ದರೆ ಚಿಂತೆಯಿಲ್ಲವಂತೆ, ಸೋತವರನ್ನು ಹತ್ತಿಸಿಕೊಳ್ಳಲು ಹಿಂದೆಯೇ ವ್ಯಾನ್ ಬರುತ್ತದಂತೆ. ನನ್ನ ಮೈಯೆಲ್ಲ ಉರಿದುಹೋಯಿತು. ಮನೆಗೆ ಬಂದವನೇ ಹೆಂಡತಿ ವಸಂತಿಯ ಮುಂದೆ, "ನಾನೇನಾದರೂ ಆ ವ್ಯಾನ್ ಹತ್ತಿದರೆ ಸೈಕಲ್ ಮಾರಿಬಿಡ್ತೀನಿ, ತಿಳಕೋ" ಎಂದು ಘೋಷಿಸಿದೆ. ಅವಳು ಸೈಕಲ್ ಕಡೆ ಒಮ್ಮೆ ನೋಡಿದಳು. ಸೈಕಲ್ ನಿಲ್ಲಿಸುವ ಜಾಗದಲ್ಲಿ ವಾಷಿಂಗ್ ಮೆಷಿನ್ ಇಡಬೇಕೆಂಬುದು ಅವಳ ಬಹುದಿನದ ಆಸೆ.

ಇಲ್ಲಿಯವರೆಗೆ ನಾನು ಮಾಡಿದ್ದೆಲ್ಲ ಧೈರ್ಯ. ತಪ್ಪು ಮಾಡಿದ್ದು ಹಿಂದಿನ ದಿನ, ಅಮ್ಮ "ಯಾವ ದಾರೀಲಿ ಹೋಗ್ತೀ ಕಣ್ಣು?" ಎಂದು ಕೇಳಿದಾಗ. ಯಾವ ದಾರಿಯೋ ಒಂದು, ಅಂದಿದ್ದರೆ ಆಗುತ್ತಿತ್ತು. ನಾನು ಊರುಗಳ ಹೆಸರನ್ನು ಒಂದೂ ಬಿಡದೆ ಹೇಳಿದೆ. ಕರುಮತ್ತಂಪಟ್ಟಿ ನಮ್ಮಮ್ಮನ ತವರು. ನಮ್ಮದು ತಲೆತಲಾಂತರದಿಂದ ಈ ತಮಿಳು ಸೀಮೆಯಲ್ಲೇ ಇದ್ದು ಮನೆಯಲ್ಲಿ ಕನ್ನಡ ಆಡುವ ನೇಕಾರರ ಕುಲ. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆಂದು ನಾನು ಮಗ್ಗದಿಂದ ತಪ್ಪಿಸಿಕೊಂಡರೂ ನೆಂಟರು ಆ ರಸ್ತೆಯ ತುಂಬ ಇದ್ದಾರೆ. "ಸರಿ ಸಾಮಿ, ಪತ್ರಮಾ, ಹುಷಾರಾಗಿ ಹೋಗ್ಬುಟ್ಟು ಬಾ" ಎಂದು ತಲೆ ಸವರಿದ ಅಮ್ಮ ಒಳಗೆ ಹೋಗಿ ಫೋನ್ ಹಿಡಿದು ಕೂತದ್ದು ನನಗೆ ಗೊತ್ತಾಗಲಿಲ್ಲ.

ಬೆಳಗ್ಗೆ ಐದೂವರೆಗೆ ಹೊರಟೆವು. ಮಂಜು, ಹೊಸದಾಗಿ ರಂಗೋಲಿ ಹಾಕಿದ ಬಾಗಿಲುಗಳು, ಗುಡಿಗಳ ಮೈಕಿನಲ್ಲಿ ಹಾಡು. ಊರು ದಾಟುತ್ತಿದ್ದಂತೆ ಈಶಾನ್ಯದ ಗಾಳಿ ಎದೆಗೆ ಗುದ್ದತೊಡಗಿತು. ಮುಂದಿನವನ ಬೆನ್ನಿಗೆ ಅಂಟಿಕೊಂಡು ಹೋದರೆ ಗಾಳಿ ಕಡಿಮೆ ಬಡಿಯುತ್ತದೆ. ಇದನ್ನು ನಾನು ವರ್ಷಗಟ್ಟಲೆ ಬೋರ್ಡಿನ ಮೇಲೆ ಬಾಣ ಬರೆದು ಪಾಠ ಮಾಡಿದ್ದೇನೆ. ಆದರೆ ಅಂಟಿಕೊಳ್ಳಲು ಬೆನ್ನು ಕೈಗೆಟುಕುವಷ್ಟು ಹತ್ತಿರವಾದರೂ ಇರಬೇಡವೇ? ಅರ್ಧ ಗಂಟೆಯಲ್ಲಿ ಹತ್ತು ಬೆನ್ನುಗಳೂ ಮಂಜಿನಲ್ಲಿ ಮಾಯ. ನನ್ನ ಹಿಂದೆ ಆ ವ್ಯಾನ್ ಮಾತ್ರ, ಮೊದಲ ಗೇರಿನಲ್ಲಿ ಗುರುಗುಟ್ಟುತ್ತ. ಅದರ ಡ್ರೈವರ್ ಸೆಲ್ವರಾಜ್ ಆಗಾಗ ತಲೆ ಹೊರಗೆ ಹಾಕಿ, "ಏರಿಕ್ಕುರೀಂಗಳಾ ಸಾರ್?" ಎಂದು ವ್ಯಾನ್ ಹತ್ತಲು ಕರೆಯುವನು. ನಾನು ತಿರುಗದೆ ಕೈ ಮಾತ್ರ ಆಡಿಸುವೆ.

ಅನ್ನೂರು ಬಸ್ ಸ್ಟ್ಯಾಂಡಿನ ಎದುರು ದೊಡ್ಡಮ್ಮನ ಮಗಳು ಫ್ಲಾಸ್ಕ್ ಹಿಡಿದು ರಸ್ತೆಗೆ ಅಡ್ಡ ನಿಂತಿದ್ದಳು. ಕಾಫಿ ಕುಡಿದೆ, ಅವಳ ಮಗನ ಮದುವೆಯ ಫೋಟೋಗಳನ್ನೆಲ್ಲ ನೋಡಿದೆ, ಮತ್ತೆ ಕಾಫಿ ಕುಡಿದೆ. ಇಪ್ಪತ್ತೈದು ನಿಮಿಷ ಹೋಯಿತು. ಅಮ್ಮ ಏನು ಮಾಡಿದ್ದಾಳೆಂದು ಆಗ ತಿಳಿಯಿತು.

ಅವಿನಾಶಿ ದಾಟಿದ ಮೇಲೆ ಬಲತೊಡೆ ಗಂಟು ಕಟ್ಟಿತು. ಹುಣಸೆಮರದ ಕೆಳಗೆ ಸೈಕಲ್ ಮಲಗಿಸಿ ನಾನೂ ಮಲಗಿದೆ. ಸೆಲ್ವರಾಜ್ ಇಳಿದು ಬಂದ. ವ್ಯಾನಿನ ಬಾಗಿಲನ್ನು ಸರ್ರನೆ ಸರಿಸಿ ಸೀಟು ಹಿಂದಕ್ಕೆ ಒರಗಿಸಿದ. ಒಳಗಿನ ತಂಪು ನನ್ನ ಮುಖದವರೆಗೂ ಬಂತು. ಹೇಳಿಬಿಡುತ್ತೇನೆ, ಮುಚ್ಚಿಟ್ಟು ಏನಾಗಬೇಕು: ನನಗೆ ಅಳು ಬಂತು. ಇನ್ನು ಮೇಲೆ ಸಿಲಿಂಡರ್, ಏಣಿ, ಚೀಲ ಎಲ್ಲ ಕೊಟ್ಟುಬಿಡೋಣ, ಯಾರು ಸೀಟು ಬಿಟ್ಟರೂ ಕೂತುಬಿಡೋಣ ಅನ್ನಿಸಿತು. ಎದ್ದು ಒಂದು ಕಾಲು ಎತ್ತಿಯೂ ಇದ್ದೆ. ಅಷ್ಟರಲ್ಲಿ ಫೋನ್ ಬಂತು. ಕಾರ್ತಿ. ಅವರೆಲ್ಲ ಮುಗಿಸಿ, ಸ್ನಾನ ಮಾಡಿ, ಪೊಂಗಲ್ ತಿನ್ನುತ್ತಿದ್ದರು. "ವ್ಯಾನ್‌ಲ ಏರಿಟ್ಟೀಂಗಳಾ ಅಂಕಿಳ್?" ಎಂದು, ವ್ಯಾನ್ ಹತ್ತಿಬಿಟ್ಟಿರಾ ಎಂದು, ಎಷ್ಟು ಮೃದುವಾಗಿ ಕೇಳಿದನೆಂದರೆ, ಹಲ್ಲು ಕೀಳುವ ಮುಂಚೆ ಹಾಗೇ ಕೇಳುತ್ತಾನೇನೋ. ಎತ್ತಿದ ಕಾಲನ್ನು ಇಳಿಸಿದೆ. "ಇಲ್ಲೆ!" ಎಂದು ಕೂಗಿದ ರಭಸಕ್ಕೆ ಮರದ ಕಾಗೆಗಳು ಎದ್ದವು. ಕುಂಟುತ್ತ ಸೈಕಲ್ ಹತ್ತಿದೆ.

ಕರುಮತ್ತಂಪಟ್ಟಿಯಲ್ಲಿ ರಾಜು ಮಾಮ, ಅಂದರೆ ಅಮ್ಮನ ತಮ್ಮ, ನಾಲ್ಕು ಪವರ್‌ಲೂಮುಗಳನ್ನೂ ನಿಲ್ಲಿಸಿ ಬೀದಿಯಲ್ಲಿ ಕಾಯುತ್ತಿದ್ದ. ಮಗಳ ಮದುವೆಯ ದಿನವೂ ಎರಡು ಮಗ್ಗ ಓಡಿಸಿದ ಮನುಷ್ಯ! "ಮಾಮ, ಟೈಮಿಲ್ಲ" ಅಂದೆ. "ಅಕ್ಕನ ಮಗ ಬಾಗಿಲ ಮುಂದೆ ಬಂದು ತಿನ್ನದೆ ಹೋದ್ರೆ ಅಕ್ಕ ನನ್ನ ಸುಮ್ನೆ ಬುಡ್ತಾಳಾ? ಇಳಿಯೋ" ಎಂದು ಹ್ಯಾಂಡಲ್ ಹಿಡಿದ. ನನ್ನ ಬಿಗಿ ಚಡ್ಡಿ ನೋಡಿ ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು, "ಅಯ್ಯಯ್ಯೋ, ಹಿಂಗೇ ಅಷ್ಟು ಊರು ಸುತ್ಕೊಂಡು ಬಂದ್ಯಾ? ಮೊದ್ಲು ಇದ ಉಟ್ಕೋ" ಎಂದು ಜರಿಯಂಚಿನ ಪಂಚೆ ತಂದಳು. ತಲೆಗೆ ಹೆಲ್ಮೆಟ್, ಸೊಂಟಕ್ಕೆ ಪಂಚೆ, ಮುಂದೆ ಬಾಳೆಲೆ. ಒತ್ತುಶಾವಿಗೆ, ತೆಂಗಿನಹಾಲು, ಮೇಲೆ ಬಾಳೆಹಣ್ಣು. ಪಕ್ಕದಲ್ಲಿ ಕೂತ ಸೆಲ್ವರಾಜ್ ಮೂರು ಸಲ ಹಾಕಿಸಿಕೊಂಡ. ಮಾಮ ಅವನನ್ನೇ, "ಇವನ ಯಾಕಪ್ಪಾ ವಂಡೀಲಿ ಕೂರಿಸ್ಕೊಳ್ಲಿಲ್ಲ?" ಎಂದು ಗದರಿದ. ನಾನು ಪಂಚೆ ಬಿಚ್ಚಿ ಓಡಿದೆ.

ಅಲ್ಲಿಂದ ಗಾಳಿ ಬೆನ್ನಿಗೆ ಬಂತು. ಹೊಟ್ಟೆಯ ಭಾರಕ್ಕೂ ಗಾಳಿಯ ನೂಕಿಗೂ ಒಪ್ಪಂದವಾದಂತೆ ಸೈಕಲ್ ಓಡಿತು. ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ, ಬೆಳಗ್ಗೆ ಎಲ್ಲಿಂದ ಹೊರಟಿದ್ದೆವೋ ಅದೇ ಬೇಕರಿಯ ಮುಂದೆ ಬಂದು ನಿಂತೆ. ಯಾರೂ ಇರಲಿಲ್ಲ. ಇಲ್ಲದಿದ್ದರೆ ಬೇಡ! ನೂರು ಕಿಲೋಮೀಟರನ್ನು ನನ್ನ ಎರಡೇ ಕಾಲುಗಳು ತುಳಿದಿದ್ದವು. ಸೆಲ್ವರಾಜ್ ಇಳಿದು ಬಂದು ನನ್ನ ಕೈ ಕುಲುಕಿದ. "ಮುಡಿಂಜಿರುಚ್ಚೇ ಸಾರ್, ಇನಿ ಏರಲಾಂಲ್ಲ? ವೀಟ್ಲ ವಿಟ್ಟುಡರೇನ್" ಅಂದ. ಪಂದ್ಯ ಮುಗಿದಿದೆ, ಇನ್ನು ಹತ್ತಿದರೆ ತಪ್ಪೇನು, ಮನೆಗೆ ಬಿಡುತ್ತೇನೆ ಎಂಬ ಆ ಮಾತಿನಲ್ಲಿ ನನಗೆ ದೋಷ ಕಾಣಲಿಲ್ಲ. ಮನೆಗಿದ್ದದ್ದು ಒಂದು ಕಿಲೋಮೀಟರು. ಹತ್ತಿದೆ.

ವ್ಯಾನ್ ನಿಂತಾಗ ಅಮ್ಮ, ವಸಂತಿ, ಪಕ್ಕದ ಮನೆಯವರು, ಎಲ್ಲರೂ ಗೇಟಿನಲ್ಲಿದ್ದರು. ಪಕ್ಕದ ಮನೆಯವರು ಓಡಿ ಬಂದು ಸೈಕಲ್ ಇಳಿಸಿಕೊಂಡರು. "ಬೇಕರಿಯಿಂದ ಇಲ್ಲಿಗೆ ಮಾತ್ರ!" ಎಂದೆ. "ಇರ್ಲಿ ಬುಡು ಸಾಮಿ, ವಯಸ್ಸಾಯ್ತಲ್ಲಾ" ಅಂದಳು ಅಮ್ಮ. ಸೆಲ್ವರಾಜ್ ತನ್ನ ಮಕ್ಕಳ ಮೇಲೆ ಆಣೆ ಇಟ್ಟು ಸಾಕ್ಷಿ ಹೇಳಿದ. "ಪಾವಂ, ಒಳ್ಳೆ ಮನುಷ್ಯ, ಹೇಳ್ಕೊಟ್ಟಂಗೇ ಹೇಳ್ತಾನೆ" ಎಂದು ಅಮ್ಮ ಅವನಿಗೆ ಕಾಫಿ ಕೊಟ್ಟಳು. ವಸಂತಿ ಟೇಪು ಹಿಡಿದು ಸೈಕಲ್ ಜಾಗದ ಅಳತೆ ತೆಗೆಯುತ್ತ, "ನೀವೇ ಹೇಳಿದ್ದು, ನಾ ಏನೂ ಹೇಳಿಲ್ಲ" ಅಂದಳು.

ಸೈಕಲ್ ಮಾರಿಲ್ಲ. ಎರಡು ಬೀಗ ಹಾಕಿದ್ದೇನೆ. ನಡೆದದ್ದನ್ನೆಲ್ಲ ಅಕ್ಷರಕ್ಕಕ್ಷರ ಬರೆದು ಊಟದ ಮೇಜಿನ ಮೇಲೆ ಇಟ್ಟರೆ ಬಾಯಿ ಮುಚ್ಚುತ್ತಾರೆಂದು ಈ ಹಾಳೆಗಳನ್ನು ತುಂಬಿಸಿದೆ. ಬರೆದು ಮುಗಿಸಿದ ಮೇಲೆ ನೆನಪಾಯಿತು: ನಮ್ಮ ಮನೆಯಲ್ಲಿ ಎಲ್ಲರಿಗೂ ಕನ್ನಡ ಆಡಲು ಬರುತ್ತದೆ, ಓದಲು ಬರುವುದು ನನಗೊಬ್ಬನಿಗೇ. ಬೇರೆ ದಾರಿಯಿಲ್ಲದೆ ನಾನೇ ಗಟ್ಟಿಯಾಗಿ ಓದಿದೆ. ಅಮ್ಮ ಹೆಸರುಬೇಳೆ ಆರಿಸುವುದನ್ನೂ ನಿಲ್ಲಿಸಿ ಕೊನೆಯವರೆಗೆ ಕೇಳಿದಳು. ಅವಳ ಕಣ್ಣು ಒದ್ದೆಯಾಗಿತ್ತು. ಗೆದ್ದೆ ಅಂದುಕೊಂಡೆ.

"ಎಷ್ಟು ಚೆನ್ನಾಗಿ ಬರ್ದಿದ್ದೀ ಕಣ್ಣು," ಅಂದಳು, "ನಿಜವಾಗ್ಲೂ ನಡೆದಂಗೇ ಐತೆ."