ಸಾರಕ್ಕಿಯಲ್ಲಿ ಹಿಮದಂಚು

“ಅಜ್ಜೀ! ನನ್ನ ಸಮುದ್ರಾನ ರೋಡಿಗೆ ಚೆಲ್ಲಿಬಿಟ್ರಾ? ಬುದ್ಧಿ ಇದೆಯಾ ನಿಮಗೆ?”

“ಬುದ್ಧಿ ಇರೋದಕ್ಕೇ ಕಣೋ ಚೆಲ್ಲಿದ್ದು! ಇವತ್ತು ಇಂಟರ್‌ವ್ಯೂ ಅಂದಿದ್ದೆ. ಪಾತ್ರೇಲಿ ಕೆಂಪು ನೀರಿತ್ತು. ನೀನು ನಿದ್ದೇಲಿದ್ದಾಗ್ಲೇ ದೃಷ್ಟಿ ನಿವಾಳಿಸಿ ಚೆಲ್ದೆ.”

ಮನೆಯೊಡತಿ ಮುನಿವೆಂಕಟಮ್ಮ ಸೊಂಟಕ್ಕೆ ಕೈಕೊಟ್ಟು ನಿಂತರು. ಬಾಡಿಗೆದಾರ ತಿರುಮಲೇಶನ ಮುಖ ಹರಳೆಣ್ಣೆ ಕುಡಿದಂತಾಗಿತ್ತು. ಧ್ರುವದ ಕಡೆ ಹೊರಡುವ ಸಂಶೋಧನಾ ಹಡಗಿನಲ್ಲಿ ಉಳಿದಿದ್ದುದು ಒಂದೇ ಜಾಗ. ಸಂದರ್ಶನ ಈಗಲೋ ಆಗಲೋ ಶುರುವಾಗುವುದರಲ್ಲಿತ್ತು. ಹಿಮದ ಅಂಚಿನಲ್ಲಿ ಎರಡು ಬಗೆಯ ನೀರು ಎದುರಾಗುವುದನ್ನು ಗಾಜಿನ ತೊಟ್ಟಿಯಲ್ಲಿ ತೋರಿಸಲೆಂದು ಉಪ್ಪುನೀರಿಗೆ ಅರಿಶಿನ, ಸುಣ್ಣ ಬೆರೆಸಿ ಕೆಂಪು ಮಾಡಿಟ್ಟಿದ್ದ. ಎಂಥ ಬುದ್ಧಿವಂತ! ಅಂಥ ನೀರು ಕಂಡರೆ ಸಾರಕ್ಕಿಯಲ್ಲಿ ಯಾರು ಸುಮ್ಮನಿರುತ್ತಾರೆ?

“ಯಾವನಯ್ಯಾ ದೃಷ್ಟಿ ನೀರು ಚೆಲ್ಲಿದ್ದು? ತುಳಿದುಬಿಟ್ನಲ್ಲೋ!” ಎದುರುಮನೆಯ ಕರಿಬಸವಯ್ಯ ಕೆಂಪು ಪಾದ ಎತ್ತಿಕೊಂಡು ಕುಂಟುತ್ತ ನುಗ್ಗಿದರು.

“ಅದು ಬರೀ ಉಪ್ಪುನೀರು ಅಂಕಲ್!”

“ಉಪ್ಪೂ ಹಾಕಿದ್ಯಾ? ಅಯ್ಯಯ್ಯೋ, ಮಾಟ!” ಅವರು ಕುರ್ಚಿಗೆ ಕುಸಿದರು.

ತಿರುಮಲೇಶ ಬೈದುಕೊಳ್ಳುತ್ತಲೇ ಮತ್ತೆ ಬೆಚ್ಚನೆಯ ಕೆಂಪು ಉಪ್ಪುನೀರು ಕಲಸಿ ತೊಟ್ಟಿಯ ಒಂದು ಬದಿಗೆ ಸುರಿದ. ನಡುವಿನ ಹಲಗೆಯ ಆಚೆ ಐಸ್ ತೇಲುತ್ತಿದ್ದ ನೀಲಿ ನೀರಿತ್ತು. ಲ್ಯಾಪ್‌ಟಾಪಿನಲ್ಲಿ ಸಂದರ್ಶನ ಮಾಡುವ ಸಮನ್ವಿತಾ ಮೇಡಂ ಕಾಣಿಸಿದ್ದೇ ತಡ, ಹಲಗೆ ಎಳೆದ. ಕೆಂಪು ನೀರು ನೀಲಿಯ ಅಡಿಗೆ ನುಸುಳಿತು.

“ಬಿಸಿನೀರು ಕೆಳಗೆ ಹೋಯ್ತಲ್ಲೋ!” ಕರಿಬಸವಯ್ಯ ಬೆಚ್ಚಿ ಎದ್ದರು.

“ಉಪ್ಪಿನ ಭಾರ ಅಂಕಲ್. ಹಿಮ ಕರಗಿದ ನೀರಲ್ಲಿ ಉಪ್ಪು ಕಮ್ಮಿ. ತಣ್ಣಗಿದ್ರೂ ಹಗುರ, ಮೇಲೇ ನಿಲ್ಲುತ್ತೆ. ಮಧ್ಯೆ ಗೆರೆ ಕಾಣ್ತಿದೆಯಲ್ಲ, ಅದೇ ಫ್ರಂಟ್, ಎರಡು ನೀರಿನ ಗಡಿ. ಗಾಳಿ ಬೀಸಿದ್ರೆ ಅದೂ ಜರುಗುತ್ತೆ.”

“ಹಂಗಾ? ನೋಡೇಬಿಡಾಣ!” ಮುನಿವೆಂಕಟಮ್ಮ ಮೊರ ತಂದು ಬೀಸಿದರು. ಐಸು, ನೀಲಿ ನೀರು ಎರಡೂ ಆಚೆ ಸರಿದವು. “ಅಯ್ಯೋ ಶಿವನೇ, ಗೆರೇನೂ ಹೊರಟೇಬಿಡ್ತು!”

ಪರದೆಯಲ್ಲಿ ಚಪ್ಪಾಳೆ ಕೇಳಿಸಿತು.

“ಸಖತ್ ತಿರುಮಲೇಶ್! ಅಳತೆ ಮಾಡೋವ್ರು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ಹಿಂಗೆ ಎಲ್ಲರಿಗೂ ಅರ್ಥ ಮಾಡಿಸೋವ್ರೇ ಇಲ್ಲ. ನಿಮ್ಮನ್ನ ಕಳಿಸಿಬಿಟ್ರೆ ನಮಗೇ ನಷ್ಟ. ಸ್ಕೂಲ್ ಸ್ಕೂಲಿಗೂ ಹೋಗಿ ಇದನ್ನೇ ತೋರ್ಸಿ.”

“ಮತ್ತೆ... ಹಡಗು, ಮೇಡಂ?”

“ಅದಕ್ಕೆ ಬೇರೆಯವರನ್ನ ಕಳಿಸ್ತೀವಿ ಬಿಡಿ.”

ಹಡಗೊಂದೇ ಬೇಕಿದ್ದ ತಿರುಮಲೇಶ ಲ್ಯಾಪ್‌ಟಾಪ್ ಮುಚ್ಚಿದ.

“ಕೆಲಸ ಸಿಕ್ತಲ್ಲೋ! ಇನ್ನು ಊರು ಬಿಡೋ ಹಾಗೇ ಇಲ್ಲ!” ಕರಿಬಸವಯ್ಯ ಅವನ ಬೆನ್ನಿಗೆ ಗುದ್ದಿದರು. ಮುನಿವೆಂಕಟಮ್ಮ ಪಾಯಸಕ್ಕಿಡಲು ಓಡಿದರು.

ಅವನು ಚಪ್ಪಲಿ ಮೆಟ್ಟಿ, ಮೆಟ್ಟಿಲಿಳಿದು, ಸಿಗ್ನಲ್ಲಿನ ಜನಜಂಗುಳಿಯೊಳಗೆ ನಡೆದುಹೋದ. ಪಾಯಸ ಆರಿ ಕೆನೆಗಟ್ಟಿತು. ಅವನು ವಾಪಸು ಬರಲಿಲ್ಲ.