ಲಾಂಡ್ರಿಗೆ ಹೋಗಿ ಬಂದ ಹಾಯಿ

ಕಾಪು,
ಫೆಬ್ರವರಿ 1982

ಉಡುಪಿ ಬಡಗುಪೇಟೆಯ ಮಾಳಿಗೆಯೊಂದರಲ್ಲಿ ಸಮಕಾಲೀನ ಕಲೆಯನ್ನು ಮಳೆ, ಧೂಳು ಮತ್ತು ಜನರಿಂದ ರಕ್ಷಿಸುತ್ತಿರುವ ‘ವರ್ಣಸೌಧ’ ಗ್ಯಾಲರಿಯ ಗೌರವ ಕಾರ್ಯದರ್ಶಿಗಳಾದ ಶ್ರೀ ಹೃಷೀಕೇಶ ರಾಯರ ಸನ್ನಿಧಿಗೆ,

ಮಾನ್ಯರೇ,

ತಮಗೂ, ತಮ್ಮ ಸಮಿತಿಗೂ, ತಮ್ಮ ಮೂಗಿಗೂ ನನ್ನ ನಮಸ್ಕಾರಗಳು. ಮೂಗಿಗೆ ಪ್ರತ್ಯೇಕವಾಗಿ ನಮಸ್ಕರಿಸುವುದಕ್ಕೆ ಕಾರಣ ಉಂಟು. ಕಣ್ಣಿನಿಂದ ಚಿತ್ರ ನೋಡುವವರು ಊರಿನಲ್ಲಿ ಬೇಕಾದಷ್ಟು ಜನರಿದ್ದಾರೆ. ಮೂಗಿನಿಂದ ನೋಡಿ ತೀರ್ಪು ಕೊಡಬಲ್ಲ ಕಲಾಮರ್ಮಜ್ಞರು ಈ ಜಿಲ್ಲೆಯಲ್ಲಿ ತಾವೊಬ್ಬರೇ.

ಸಂಗತಿ ತಮಗೆ ತಿಳಿದದ್ದೇ. ಆದರೂ ಇದು ನಾಲ್ಕು ಜನ ಓದುವ ಪತ್ರವಾದ್ದರಿಂದ, ತಮ್ಮ ಕೀರ್ತಿ ಇನ್ನೂ ತಲುಪದ ಮನೆಗಳಿಗಾಗಿ ಮೊದಲಿನಿಂದ ಹೇಳುತ್ತೇನೆ. ಹೂಡೆಯ ಸುಗಂಧಿ ಎಂಬ ಕಲಾವಿದೆ ತನ್ನ ತಂದೆಯ ದೋಣಿಯ ಹಾಯಿಯನ್ನು, ಮೆಷಿನ್ ಬೋಟುಗಳು ಬಂದ ಮೇಲೆ ಅಟ್ಟ ಸೇರಿದ್ದ ಆ ಹಾಯಿಯನ್ನು, ಕೆಳಗಿಳಿಸಿ ಕಡಲತಡಿಯ ಹೊಯ್ಗೆಯ ಮೇಲೆ ಹಾಸಿದರು. ಕೆಮ್ಮಣ್ಣನ್ನು ಬೂತಾಯಿ ಮೀನಿನ ಎಣ್ಣೆಯಲ್ಲಿ ಕಲಸಿದರು. ಮೀನು ಹೊತ್ತು ಮಾರುವ ಹೆಂಗಸರು ಒಬ್ಬೊಬ್ಬರಾಗಿ ಬಂದು, ಬುಟ್ಟಿಯ ತಳಕ್ಕೆ ಆ ಕೆಂಪನ್ನು ಹಚ್ಚಿಸಿಕೊಂಡು, ದಿನವೂ ತಲೆಯಿಂದ ಇಳಿಸುವ ಹಾಗೆಯೇ ಹಾಯಿಯ ಮೇಲೆ ಇಳಿಸಿದರು. ತುಂಬಿದ ಬುಟ್ಟಿ ಕೂತಲ್ಲಿ ದಟ್ಟ ಉಂಗುರ ಮೂಡಿತು, ಖಾಲಿ ಬುಟ್ಟಿ ಕೂತಲ್ಲಿ ತೆಳುವಾದದ್ದು. ಸೊಂಟ ಹಿಡಿದ ಮೋಹಿನಿಯಕ್ಕನ ಬುಟ್ಟಿ ಓರೆಯಾಗಿ ಇಳಿದದ್ದರಿಂದ ಅವರ ಉಂಗುರ ಒಂದು ಕಡೆ ಮಾತ್ರ ಗಾಢವಾಗಿ, ಇನ್ನೊಂದು ಕಡೆ ಅಳಿಸಿಹೋದಂತೆ ಬಿತ್ತು. ಮುಖ ಬರೆಯದೆ, ಕೈಕಾಲು ಬರೆಯದೆ ಒಂದು ಕೇರಿಯ ಹೆಂಗಸರನ್ನೆಲ್ಲ ಸುಗಂಧಿ ಬಟ್ಟೆಗೆ ಇಳಿಸಿದ್ದರು. ಯಾವ ಉಂಗುರ ಯಾರದೆಂದು ಆ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ತಮ್ಮ ಸಮಿತಿ ಫೋಟೋ ನೋಡಿ ಈ ಕೃತಿಯನ್ನು ವಾರ್ಷಿಕ ಪ್ರದರ್ಶನಕ್ಕೆ ಆರಿಸಿತು. ಫೋಟೋಕ್ಕೆ ವಾಸನೆ ಇರಲಿಲ್ಲ. ಕೃತಿ ಬಂದಾಗ ಇತ್ತು. ಕೆಳಗಿನ ಸಸ್ಯಾಹಾರಿ ಹೋಟೆಲಿನ ಸಾಂಬಾರಿನ ಪರಿಮಳ ತಮ್ಮ ಮಾಳಿಗೆಯ ಪ್ರತಿಯೊಂದು ಚಿತ್ರವನ್ನೂ ವರ್ಷಗಟ್ಟಲೆ ಹೊಗೆಯಾಡಿಸಿದೆ. ಹೋದ ವರ್ಷ ಬೆಂಗಳೂರಿನ ಕಲಾವಿದರೊಬ್ಬರು ಹಲಗೆಯ ಮೇಲೆ ಹಸಿ ಸೆಗಣಿ ಬಳಿದು ತಂದಾಗ ತಾವೇ ಅದನ್ನು ‘ನೆಲದ ಉಸಿರು’ ಎಂದು ಭಾಷಣದಲ್ಲಿ ಕೊಂಡಾಡಿದ್ದಿರಿ. ಕಡಲಿಗೆ ಮಾತ್ರ ಉಸಿರಾಡುವ ಅಪ್ಪಣೆ ಇಲ್ಲವೆಂಬುದು ನಮ್ಮಂಥ ಒರಟರಿಗೆ ತಿಳಿಯಬೇಕಾದರೆ ಈ ಹಾಯಿಯೇ ಬರಬೇಕಾಯಿತು. ಕಟ್ಟು ಬಿಚ್ಚಿದೊಡನೆ ತಾವು ಮೇಲುವಸ್ತ್ರದಿಂದ ಮುಖ ಮುಚ್ಚಿಕೊಂಡು, “ಎಂತದು ಮಾರಾಯ್ರೇ ಇದು! ಉದ್ಘಾಟನೆಗೆ ದೊಡ್ಡ ದೊಡ್ಡವರು ಬರ್ತಾರೆ. ಒಮ್ಮೆ ಮಡಿ ಮಾಡಿಸಿ ತನ್ನಿ” ಎಂದು ಆಜ್ಞಾಪಿಸಿದಿರಂತೆ. ಸುಗಂಧಿಯನ್ನು ಒಂದು ಮಾತು ಕೇಳಲಿಲ್ಲ. ಹಾಯಿ ಲಾಂಡ್ರಿಗೆ ಹೋಯಿತು, ಸೋಡಾದಲ್ಲಿ ಬೆಂದಿತು, ಬ್ಲೀಚಿಂಗ್ ಪುಡಿಯಲ್ಲಿ ಮಿಂದಿತು, ನೀಲಿ ಹಾಕಿಸಿಕೊಂಡು ಇಸ್ತ್ರಿಯಾಗಿ, ಮದುಮಗನ ಪಂಚೆಯ ಹಾಗೆ ಬೆಳ್ಳಗೆ ಬಂದು ತಮ್ಮ ಗೋಡೆಯ ಮೇಲೆ ತೂಗಿತು. ಕೆಳಗೆ ಚೀಟಿ: ‘ಬುಟ್ಟಿ ಇಳಿಸಿದ ಜಾಗ. ಕಲಾವಿದೆ: ಸುಗಂಧಿ, ಹೂಡೆ.’

ಮಾನ್ಯರೇ, ಜಗತ್ತಿನ ದೊಡ್ಡ ದೊಡ್ಡ ಪಟ್ಟಣಗಳಲ್ಲಿ ಕಲೆಯನ್ನು ನಿಷೇಧಿಸಿದವರಿದ್ದಾರೆ, ಹರಿದವರಿದ್ದಾರೆ, ಸುಟ್ಟವರಿದ್ದಾರೆ. ಗಂಜಿ ಹಾಕಿಸಿ ಇಸ್ತ್ರಿ ಮಾಡಿಸಿ ಗೌರವದಿಂದ ತೂಗುಹಾಕಿದವರು ತಾವು ಮೊದಲಿಗರು. ಈ ವಿಷಯದಲ್ಲಿ ಉಡುಪಿ ಎಲ್ಲರಿಗಿಂತ ಮುಂದೆ ಇರುವುದು ನಮಗೆಲ್ಲ ಹೆಮ್ಮೆ.

ಉದ್ಘಾಟನೆಗೆ ನಾನೂ ಬಂದಿದ್ದೆ. ಮಣಿಪಾಲದಿಂದ ಕಾರಿನಲ್ಲಿ ಬಂದ ವಿಮರ್ಶಕ ಅನಂತಪದ್ಮನಾಭರು ಆ ಬಿಳಿ ಬಟ್ಟೆಯ ಮುಂದೆ ಕೈಕಟ್ಟಿ ನಿಂತರು. ಆಮೇಲೆ ಮಾತಾಡಿದ್ದನ್ನು ನಾನು ಮರೆಯಲಾರೆ. ಕಲಾವಿದೆ ರೇಖೆಯನ್ನು ತ್ಯಜಿಸಿದ್ದಾಳೆ, ವರ್ಣವನ್ನು ತ್ಯಜಿಸಿದ್ದಾಳೆ, ದುಡಿಯುವ ಹೆಣ್ಣಿನ ನಿಶ್ಶಬ್ದವನ್ನು ಬಿಳುಪಾಗಿಸಿದ್ದಾಳೆ ಎಂದರು. ಕೆಳಗಿನ ಮೂಲೆಯಲ್ಲಿ ಲಾಂಡ್ರಿಯವರು ಬಟ್ಟೆ ಅದಲುಬದಲಾಗದಿರಲೆಂದು ಹಾಕಿದ ಕಪ್ಪು ಶಾಯಿಯ ಗುರುತಿತ್ತಲ್ಲ, ಅದರತ್ತ ಬೆರಳು ತೋರಿ, “ಅನಂತ ಸಾಗರದಲ್ಲಿ ಒಂಟಿ ದೋಣಿ!” ಎಂದು ಕನ್ನಡಕ ತೆಗೆದು ಕಣ್ಣೊರಸಿಕೊಂಡರು. ತಾವು ಚಪ್ಪಾಳೆ ತಟ್ಟಿದಿರಿ. ಬಟ್ಟೆ ಎಲ್ಲಿಂದ ಬಂತೆಂದು ಬಲ್ಲ ತಾವೇ ಎಲ್ಲರಿಗಿಂತ ಮೊದಲು ತಟ್ಟಿದಿರಿ.

ಕೊನೆಯ ಸಾಲಿನಲ್ಲಿ ಹೂಡೆಯ ಹೆಂಗಸರು ಕೂತಿದ್ದರು. ಮೀನು ಮಾರುವುದನ್ನು ಬಿಟ್ಟು, ಮಿಂದು, ಮಲ್ಲಿಗೆ ಮುಡಿದು, ತಮ್ಮ ತಮ್ಮ ಉಂಗುರ ನೋಡಲಿಕ್ಕೆಂದೇ ಬಸ್ಸು ಹತ್ತಿ ಬಂದವರು. ಅವರು ಆಡಿದ್ದು ತುಳುವಿನಲ್ಲಿ. ತಮ್ಮ ಅನುಕೂಲಕ್ಕಾಗಿ ಕನ್ನಡ ಮಾಡಿ ಬರೆಯುತ್ತೇನೆ.

“ನನ್ನದು ಎಲ್ಲಿ ಉಂಟು ಸುಗಂಧಿ?” ಎಂದು ಮೋಹಿನಿಯಕ್ಕ ಕೇಳಿದರು. ಪಕ್ಕದಲ್ಲಿದ್ದವರು, “ಇದು ನಮ್ಮ ಹಾಯಿಯಾ ಮಾರಾಯ್ತಿ, ಮದುವೆ ಚಪ್ಪರದ ಬಟ್ಟೆಯಾ?” ಎಂದರು. ಯಾರೋ ನಕ್ಕರು. ಮೋಹಿನಿಯಕ್ಕ ನಗಲಿಲ್ಲ. ಎದ್ದು ಹೋಗಿ ಬಟ್ಟೆಯ ಹತ್ತಿರ ನಿಂತು, ತನ್ನ ಉಂಗುರ ಇದ್ದ ಜಾಗವನ್ನು ಅಂಗೈಯಿಂದ ಸವರಿ ನೋಡಿದರು. ಆಗ ತಾವು ಓಡಿಬಂದು, “ಮುಟ್ಟಬೇಡಿ, ಮುಟ್ಟಬೇಡಿ! ಇದು ಕಲಾಕೃತಿ” ಎಂದಿರಿ.

“ಅದು ನಾವು ಅಲ್ವಾ ರಾಯರೇ?” ಎಂದರು ಮೋಹಿನಿಯಕ್ಕ. “ತೊಳೆಯುವ ಮೊದಲು ನಮ್ಮಲ್ಲಿ ಒಂದು ಮಾತು ಕೇಳುವುದಲ್ವಾ?”

“ನಾವು ಎಂತ ಮಾಡಿದ್ದೇವೆ ತಾಯೀ? ಶುದ್ಧ ಮಾಡಿಸಿದ್ದಷ್ಟೆ,” ಎಂದು ತಾವು ಅತ್ಯಂತ ವಿನಯದಿಂದ ಹೇಳಿದಿರಿ. ಸುಗಂಧಿ ಮೈಕಿನ ಹತ್ತಿರ ಬಂದಾಗ, ಕಲಾವಿದರು ಮಾತಾಡುವ ಕ್ರಮ ಇಲ್ಲ, ಇನ್ನು ವಂದನಾರ್ಪಣೆ ಮಾತ್ರ ಎಂದಿರಿ. ವಂದನಾರ್ಪಣೆಯಲ್ಲಿ ಹೂವಿನ ಅಂಗಡಿಯವರಿಗೆ ಕೃತಜ್ಞತೆ ಸಂದಿತು.

ಹಿಂದಿನವರು ನಮ್ಮ ಕಡಲ ಜನರನ್ನು ಮೆಟ್ಟಿಲಲ್ಲೇ ನಿಲ್ಲಿಸುತ್ತಿದ್ದರು. ಈಗ ಕಾಲ ಬದಲಾಗಿದೆ, ಹಾಗೆ ನಿಲ್ಲಿಸಿದರೆ ಪೇಪರಿನಲ್ಲಿ ಬರುತ್ತದೆ. ಆದ್ದರಿಂದ ಮನುಷ್ಯರನ್ನು ಒಳಗೆ ಬಿಟ್ಟು, ಕುರ್ಚಿ ಕೊಟ್ಟು, ಶರಬತ್ತು ಕೊಟ್ಟು, ಅವರು ಬಂದ ಗುರುತನ್ನು ಮಾತ್ರ ಸೋಡಾ ಹಾಕಿ ಒಗೆಸುವ ಈ ಸುಧಾರಿತ ವಿಧಾನವನ್ನು ತಾವು ಕಂಡುಹಿಡಿದಿದ್ದೀರಿ. ಇದಕ್ಕೆ ಹಿಂದಿನದಕ್ಕಿಂತ ಹೆಚ್ಚು ಬುದ್ಧಿ ಬೇಕು. ನಾಚಿಕೆ ಅದಕ್ಕಿಂತ ಕಡಿಮೆ ಸಾಕು.

ಈಗ ಆ ಬಿಳಿ ಬಟ್ಟೆಗೆ ತಮ್ಮ ಪ್ರದರ್ಶನದ ಪ್ರಥಮ ಬಹುಮಾನ ಬಂದಿದೆ. ಬರುವ ಸೋಮವಾರ ಅದು ಬೆಂಗಳೂರಿನ ದೊಡ್ಡ ಪ್ರದರ್ಶನಕ್ಕೆ ಹೊರಡಲಿದೆ, ಸುಗಂಧಿಯ ಹೆಸರಿನಲ್ಲಿ. ಇದು ನನ್ನ ಕೃತಿಯಲ್ಲ, ಬಹುಮಾನ ಬೇಡ, ಹೆಸರು ತೆಗೆಯಿರಿ, ಹಾಯಿ ಕೊಡಿ ಎಂದು ಆಕೆ ಮೂರು ಸಲ ಮಾಳಿಗೆ ಹತ್ತಿ ಕೇಳಿದ್ದಾರೆ. ಬಹುಮಾನಿತ ಕೃತಿಯನ್ನು ಹಿಂದೆ ಕೊಡುವ ಪದ್ಧತಿ ಇಲ್ಲವೆಂದೂ, ಇಷ್ಟು ಹೊಗಳಿಕೆಯಾದ ಮೇಲೆ ವಿಷಯ ಹೊರಗೆ ಬಂದರೆ ಅನಂತಪದ್ಮನಾಭರಿಗೆ ಬೇಸರವಾದೀತೆಂದೂ ತಾವು ತಿಳಿಸಿದಿರಿ. ವಿಮರ್ಶಕರ ಬೇಸರದ ಮುಂದೆ ಒಂದು ಕೇರಿಯ ಹೆಂಗಸರು ಯಾವ ಲೆಕ್ಕ?

ಈ ಹಿನ್ನೆಲೆಯಲ್ಲಿ ಕೆಲವು ವಿನಂತಿಗಳು. ತಮ್ಮಲ್ಲಿ ಪ್ರದರ್ಶನಕ್ಕಿರುವ ಕಾರ್ಕಳದ ಬೆಂಜಮಿನ್ನರ ಕರಿಕಲ್ಲಿನ ಶಿಲ್ಪವನ್ನೂ ದಯವಿಟ್ಟು ಲಾಂಡ್ರಿಗೆ ಕಳಿಸಿ. ಕಲ್ಲು ಇಷ್ಟು ಕಪ್ಪಗಿರುವುದು ಗಣ್ಯರ ಕಣ್ಣಿಗೆ ಒಳ್ಳೆಯದಲ್ಲ. ಸಂಜೆ ಪಡುವಣದಿಂದ ಬೀಸುವ ಗಾಳಿ ಮಲ್ಪೆಯ ಮೀನು ಬಂದರನ್ನು ದಾಟಿ ತಮ್ಮ ಕಿಟಕಿಗೆ ಬರುತ್ತಿರುವುದರಿಂದ ಅದಕ್ಕೊಂದು ನೋಟಿಸು ಜಾರಿ ಮಾಡಿ. ಅರಬ್ಬೀ ಸಮುದ್ರವನ್ನು ವರ್ಷಕ್ಕೊಮ್ಮೆಯಾದರೂ ನೀಲಿ ಹಾಕಿ ಹಿಂಡಿ ಒಣಗಿಸಿ. ಇದೆಲ್ಲ ತಮ್ಮಂಥವರಿಗೆ ಕಷ್ಟವಲ್ಲ. ತೀರಾ ಕಷ್ಟವಾದದ್ದನ್ನು ಕೊನೆಗೆ ಇಟ್ಟಿದ್ದೇನೆ: ಸೋಮವಾರದ ಮೊದಲು ಆ ಚೀಟಿಯ ಮೇಲಿನ ಹೆಸರನ್ನು ಹೊಡೆದು ‘ಕಲಾವಿದರು: ಹೃಷೀಕೇಶ ರಾಯರು ಮತ್ತು ಲಾಂಡ್ರಿ’ ಎಂದು ಬರೆಯಿರಿ. ಅದು ಸತ್ಯ. ಸತ್ಯವನ್ನು ತೂಗುಹಾಕಲು ತಮ್ಮ ಗೋಡೆಯಲ್ಲಿ ಮೊಳೆ ಇಲ್ಲದಿದ್ದರೆ ಹಾಯಿಯನ್ನು ಹೂಡೆಗೆ ಹಿಂದೆ ಕಳಿಸಿ.

ಇಷ್ಟಾದ ಮೇಲೂ ಅಭ್ಯಾಸಬಲದಿಂದ
ತಮ್ಮ ವಿಶ್ವಾಸಿ,
ದೇವದಾಸ

ತಾ.ಕ.: ಉತ್ತರ ಬರೆಯುವ ಶ್ರಮ ತಮಗೆ ಬೇಡ. ಭಾನುವಾರ ಬೆಳಿಗ್ಗೆ ಮೋಹಿನಿಯಕ್ಕ ಮತ್ತು ಸಂಗಡಿಗರು ದಿನವೂ ಮೀನು ಮಾರುವ ಸಂತೆಕಟ್ಟೆಯಲ್ಲಿ ಇಳಿಯದೆ, ಮೀನು ತುಂಬಿದ ಬುಟ್ಟಿಗಳ ಸಮೇತ ನೇರವಾಗಿ ತಮ್ಮ ಮಾಳಿಗೆಗೆ ಬರುವವರಿದ್ದಾರೆ. ಕೆಮ್ಮಣ್ಣು, ಎಣ್ಣೆ ಸುಗಂಧಿ ತರುತ್ತಾರೆ. ಹಾಯಿಯನ್ನು ಗೋಡೆಯಿಂದ ಇಳಿಸಿ ನೆಲಕ್ಕೆ ಹಾಸಿಟ್ಟರೆ ಉಪಕಾರ. ಇಲ್ಲದಿದ್ದರೆ ಅವರೇ ಹಾಸಿಕೊಳ್ಳುತ್ತಾರೆ. ಲಾಂಡ್ರಿಯವರಿಗೆ ಮುಂಚಿತವಾಗಿ ಹೇಳಿಡುವುದಿದ್ದರೆ ಇದನ್ನೂ ಹೇಳಿಡಿ: ಈ ಸಲ ಬಟ್ಟೆ ಒಯ್ಯಬೇಕಾದರೆ ಮೊದಲು ಹೆಂಗಸರನ್ನು ಎಬ್ಬಿಸಬೇಕು. ಬುಟ್ಟಿ ಇಳಿಸಿ ಅವರು ಹಾಯಿಯ ಮೇಲೆಯೇ ಕೂತಿರುತ್ತಾರೆ.