ಇಟ್ಟಂಗಿಯ ಮೇಲಿನ ಶಿವನಾಮ

ದೇವರ ಪಾದಗಳನ್ನು ಕುರಿತು ನಾನು ಎಷ್ಟು ಹೊತ್ತು ಬೇಕಾದರೂ ಮಾತನಾಡಬಲ್ಲೆ. ಶ್ರಾವಣದಲ್ಲಿ ಪುರಾಣ ಹೇಳಲು ಕುಳಿತೆನೆಂದರೆ ಕೇಳುವವರ ಕಾಲು ಜೋಮು ಹಿಡಿಯುತ್ತದೆಯೇ ಹೊರತು ನನ್ನ ನಾಲಿಗೆ ದಣಿಯುವುದಿಲ್ಲ. ಆದರೆ ಮನುಷ್ಯರ ಪಾದಕ್ಕೆ ಎಂಥ ನೆಲ ಬೇಕು ಎಂದು ಯಾರಾದರೂ ಕೇಳಿದರೆ ತಡವರಿಸುತ್ತೇನೆ. ಭೂಮಿಗೆ ಸಂಸ್ಕೃತದಲ್ಲಿರುವ ಹೆಸರುಗಳನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಬಲ್ಲ ನನಗೆ, ಆಳಂದದ ನಮ್ಮ ಮನೆಯ ಗೇಟಿನಿಂದ ಮೆಟ್ಟಿಲವರೆಗಿನ ಭೂಮಿ ಮಾತ್ರ ಈ ವರ್ಷದವರೆಗೆ ಸರಿಯಾಗಿ ಪರಿಚಯವಾಗಿರಲಿಲ್ಲ.

ಪರಿಚಯ ಮಾಡಿಸಿದ್ದು ನನ್ನ ಮನೆಯಾಕೆ ನೀಲಮ್ಮನ ಮೊಣಕಾಲು. ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಆಕೆ ಜೇವರ್ಗಿಯ ತಮ್ಮನ ಮನೆಯಲ್ಲಿ ವಾಕರ್ ಹಿಡಿದು ನಡೆಯುವುದನ್ನು ಮಗುವಿನಂತೆ ಮತ್ತೆ ಕಲಿಯುತ್ತಿದ್ದಳು. ಡಾಕ್ಟರು ನನ್ನನ್ನು ಹೊರಗೆ ಕರೆದು, "ಇನ್ನೊಮ್ಮೆ ಜಾರಿ ಬಿದ್ರ ಅವರು ಎದ್ದು ನಡೆಯೋದು ಕಷ್ಟ ಅದ್ರಿ" ಎಂದಿದ್ದರು. ನಮ್ಮ ಅಂಗಳವೋ ಜಾರಿಸುವುದಕ್ಕೆಂದೇ ಹುಟ್ಟಿದ್ದು. ಅರ್ಧ ಎರೆಮಣ್ಣು, ಒಂದು ಮಳೆ ಬಿದ್ದರೆ ಚಪ್ಪಲಿಯನ್ನು ತಾನಿಟ್ಟುಕೊಂಡು ಕಾಲನ್ನಷ್ಟೇ ಬಿಟ್ಟುಕೊಡುತ್ತದೆ. ಇನ್ನರ್ಧ ಶಹಾಬಾದಿ ಪರಸಿಗಲ್ಲು, ಒದ್ದೆಯಾದರೆ ಕನ್ನಡಿ. ಆಕೆ ಬಿದ್ದದ್ದೂ ಅದರ ಮೇಲೆಯೇ. ಸುಟ್ಟ ಮಣ್ಣಿನ ಹಾಸು ಇಟ್ಟಂಗಿಯಾದರೆ ನೀರು ಕುಡಿಯುತ್ತದೆ, ಕಾಲು ಹಿಡಿಯುತ್ತದೆ, ಬಿಸಿಲಿಗೆ ಸಿಮೆಂಟಿನಷ್ಟು ಕಾಯುವುದೂ ಇಲ್ಲವೆಂದು ಕೇಳಿದ್ದೆ. ಆಕೆ ಮನೆಗೆ ಬರುವುದರೊಳಗೆ ಅದನ್ನೇ ಹಾಸಿಸಬೇಕೆಂದು ನಿಶ್ಚಯಿಸಿದೆ.

ಅಫಜಲಪುರದ ಕಡೆ, ಸೊನ್ನದ ಹತ್ತಿರ, ಭೀಮಾ ದಂಡೆಯ ಮಣ್ಣಿನಲ್ಲಿ ಇಟ್ಟಂಗಿ ಸುಡುವ ಶರಣಪ್ಪ ನನ್ನ ಹಳೆಯ ಶಿಷ್ಯ. ಭಟ್ಟಿಗೆ ಹೋದ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ತಾನು ನಿಂತುಕೊಂಡು, "ಎಲ್ಲಾ ಇಟ್ಟಂಗಿಗೂ ನಮ್ಮ ಭಟ್ಟಿ ಹೆಸರು ಒತ್ತತೇವ್ರಿ ಗುರುಗಳೆ. ನಿಮಗಂತ ಬ್ಯಾರೆ ಅಚ್ಚು ಮಾಡಸ್ತೇನಿ. ಮ್ಯಾಲ ಏನು ಬರಸ್ಲಿರಿ?" ಎಂದು ಕೇಳಿದ. ಕಿರಾಣಿ ಚೀಟಿಯ ನೆತ್ತಿಗೂ 'ಶಿವ' ಎಂದು ಬರೆದ ಮೇಲೆಯೇ ಬೇಳೆ ಬೆಲ್ಲಕ್ಕೆ ಇಳಿಯುವವನು ನಾನು. ಯೋಚನೆಯೇ ಇಲ್ಲದೆ, "ಮ್ಯಾಲ ಯಾವತ್ತೂ ಶಿವ ಅಂತಲೇ ಇರಬೇಕಪ್ಪ" ಎಂದೆ. ಶರಣಪ್ಪ ಭಕ್ತಿಯಿಂದ ಕೈಮುಗಿದ. ಇಟ್ಟಂಗಿಯನ್ನು ಜನ ಓದುವುದಿಲ್ಲ, ತುಳಿಯುತ್ತಾರೆ ಎಂಬುದು ಗುರುವಿಗೂ ಹೊಳೆಯಲಿಲ್ಲ, ಶಿಷ್ಯನಿಗೂ ಹೊಳೆಯಲಿಲ್ಲ.

ಹಾಸುವ ಕೆಲಸವನ್ನು ಗಾರೆಯ ಗೌಂಡಿ ಖಾಜಾಸಾಬನಿಗೆ ಒಪ್ಪಿಸಿ ನಾನು ಜೇವರ್ಗಿಗೆ ಹೋದೆ. ಎರೆಮಣ್ಣು ತೆಗೆದದ್ದು, ಮುರುಮಿನ ಗರಸುಮಣ್ಣು ತುಂಬಿ ಬಡಿದದ್ದು, ಅದರ ಮೇಲೆ ಮರಳು ಹಾಸಿದ್ದು, ಎಲ್ಲವನ್ನೂ ಆತ ಫೋನಿನಲ್ಲಿ ತಿಳಿಸುತ್ತಿದ್ದ. ಒಂದು ದಿನ, "ಮಾಸ್ತರ್ರ, ನಾನೂ ಚಪ್ಪಲಿ ಬಿಟ್ಟೇ ಕೆಲಸ ಮಾಡಾಕತ್ತೇನ್ರಿ" ಎಂದ. ಕಾಯಕದ ಮೇಲೆ ಎಂಥ ನಿಷ್ಠೆ ಎಂದುಕೊಂಡು ಆ ಮಾತನ್ನು ನೀಲಮ್ಮನಿಗೂ ಹೇಳಿ ಹಿಗ್ಗಿದೆ.

ಆಕೆ ಬರುವ ದಿನ ನಾನು ಬೆಳಗಿನ ಬಸ್ಸಿಗೇ ಮುಂದಾಗಿ ಊರಿಗೆ ಬಂದೆ. ಗೇಟು ತೆರೆದು ಎತ್ತಿದ ಬಲಗಾಲು ಎತ್ತಿದಂತೆಯೇ ಉಳಿಯಿತು. ಮೆಟ್ಟಿಲವರೆಗೂ ಕೆಂಪು ಹಾಸು, ಒಂದೊಂದು ಇಟ್ಟಂಗಿಯ ಮೇಲೂ ದುಂಡನೆಯ ಅಕ್ಷರಗಳಲ್ಲಿ 'ಶಿವ'. ಖಾಜಾಸಾಬ ರಾತ್ರಿಯ ಮಳೆಗೆ ಕೆಸರಾದ ಅಂಚಿನಲ್ಲಿ ನಿಂತು ನನಗಾಗಿ ಕಾಯುತ್ತಿದ್ದ.

"ಇದರ ಮ್ಯಾಲ ಕಾಲು ಹ್ಯಾಂಗ ಇಡೋದು, ಖಾಜಾಸಾಬ?"

"ನಾನೂ ಅದನ್ನೇ ವಿಚಾರ ಮಾಡಾಕತ್ತೇನ್ರಿ. ದೊಡ್ಡವ್ರು, ಏನರ ತಿಳದೇ ಮಾಡಸಿರತಾರ ಅಂತ ಸುಮ್ಮನಾದೆ. ಹಾಲಿನಾಕಿನೂ ಕೆಸರಾಗೇ ಹಾದು ಹೋದಳ್ರಿ."

"ಎಲ್ಲಾ ಬೋರಲು ಹಾಕಿದ್ರ?"

"ಹಾಕಬಹುದ್ರಿ. ಕಿತ್ತು, ಮರಳು ಮತ್ತ ಸಮ ಮಾಡಬೇಕು. ಅಕ್ಕಾರು ಯಾವಾಗ ಬರ್ತಾರ್ರಿ?"

ಉತ್ತರವಾಗಿ ಹಿಂದಿನಿಂದ ಕಾರಿನ ಹಾರ್ನ್ ಕೇಳಿಸಿತು.

ನೀಲಮ್ಮ ಇಳಕಲ್ ಸೀರೆಯುಟ್ಟು ಹಬ್ಬಕ್ಕೆ ಬಂದವಳಂತೆ ಬಂದಿದ್ದಳು. ಆಕೆಯ ತಮ್ಮ ವಾಕರ್ ಇಳಿಸಿಕೊಟ್ಟ. ನಾನು ಗೇಟಿಗೆ ಅಡ್ಡನಿಂತು, ಶಿವನಾಮದ ಮಹಿಮೆಯನ್ನೂ ಪಾದಸ್ಪರ್ಶದ ದೋಷವನ್ನೂ ವಿವರಿಸಿ, ನಾಲ್ಕು ದಿನ ಜೇವರ್ಗಿಯಲ್ಲೇ ಇದ್ದರೆ ಎಲ್ಲ ತಿರುವಿ ಹಾಕಿಸುತ್ತೇನೆಂದೆ. ಆಕೆಯ ಮುಖ ಬಾಡಿತು. ಮನೆಯ ಬಾಗಿಲನ್ನೊಮ್ಮೆ ನೋಡಿದಳು.

"ಬೋರಲು ಹಾಕಿದ್ರ ಅವ ಅಲ್ಲಿ ಇರಂಗಿಲ್ಲೇನ್ರಿ?" ಎಂದಳು. ಆಕೆ ಕೊರಳ ಲಿಂಗವನ್ನು ಸೆರಗಿನ ಮೇಲಿಂದಲೇ ಮುಟ್ಟಿಕೊಂಡಳು. "ಸಣ್ಣಾಕಿ ಇದ್ದಾಗಿಂದ ಇವನ್ನ ಹೊತಗೊಂಡು ತಿರಗೇನಿ. ಒಲಿ ಮುಂದ, ಹೊಲದಾಗ, ತಲಿ ಮ್ಯಾಲ ನೀರಿನ ಕೊಡ ಇದ್ದಾಗೂ ಭಾರ ಅಂದಿಲ್ಲ. ಇವತ್ತ ನಾಕು ಹೆಜ್ಜಿ ಅವ ನನ್ನ ಹೊರಲಿ ಬಿಡ್ರಿ. ವಲ್ಲೆ ಅನ್ನಾಂವ ಅಲ್ಲ ಅವ."

ನಾನು ಪಕ್ಕಕ್ಕೆ ಸರಿದೆ.

ಆಕೆ ಚಪ್ಪಲಿ ಬಿಟ್ಟು ವಾಕರ್ ಮುಂದಿಟ್ಟಳು. ಅದರ ರಬ್ಬರ್ ಪಾದಗಳು ಅಕ್ಷರಗಳ ತಗ್ಗಿನಲ್ಲಿ ಗಟ್ಟಿಯಾಗಿ ಕುಳಿತವು. ಖಾಜಾಸಾಬ ಎಲ್ಲಿ ಬಿದ್ದಾಳೋ ಎಂದು ಎರಡೂ ಕೈ ಚಾಚಿಕೊಂಡು ಒಂದು ಅಂಚಿನಲ್ಲಿ ಸರಿಯುತ್ತಿದ್ದ. ಇನ್ನೊಂದು ಅಂಚಿನ ಎರೆಮಣ್ಣಿನಲ್ಲಿ ನಾನು, ಆಕೆಯ ಹೆಜ್ಜೆಗೆ ಹೆಜ್ಜೆ ಸೇರಿಸುತ್ತ. ಆಕೆ ಎಲ್ಲಿಯೂ ಜಾರಲಿಲ್ಲ. ಎರಡು ಸಲ ಜಾರಿದವನು ನಾನು. ಮೆಟ್ಟಿಲು ಮುಟ್ಟಿ ತಿರುಗಿ ನೋಡಿದ ನೀಲಮ್ಮ ಎಷ್ಟೋ ದಿನಗಳ ಮೇಲೆ ನಕ್ಕಳು. "ಆ ಕೆಸರಗಾಲಿಲೆ ಒಳಗ ಬರಬ್ಯಾಡ್ರಿ ಮತ್ತ. ತೊಳಕೊಂಡು ಬರ್ರಿ."

ಮರುದಿನ ಇಟ್ಟಂಗಿ ತಿರುವಲು ಬಂದ ಖಾಜಾಸಾಬನನ್ನು ಆಕೆಯೇ ಚಹಾ ಕುಡಿಸಿ ಕಳಿಸಿದಳು. ಈಗ ಬೆಳಿಗ್ಗೆ ಸಂಜೆ ಆಕೆ ಆ ಹಾಸಿನ ಮೇಲೆ ಗೇಟಿನವರೆಗೆ ಹೋಗಿ ಹಾಲಿನಾಕೆಯೊಡನೆ ಹರಟಿ ಬರುತ್ತಾಳೆ. ನಾನೂ ಅದರ ಮೇಲೆಯೇ ನಡೆಯುತ್ತೇನೆ. ಆದರೆ ಅಭ್ಯಾಸಬಲ, ಒಂದೊಂದು ಹೆಜ್ಜೆಗೂ ಕ್ಷಮೆ ಬೇಡಿ "ಶಿವಾ... ಶಿವಾ..." ಎನ್ನದೆ ಕಾಲು ಏಳುವುದಿಲ್ಲ. ಮೊನ್ನೆ ಎದುರು ಮನೆಯ ಹಿರಿಯರು ಗೇಟಿನಾಚೆ ನಿಂತು ಬಹಳ ಮರುಕದಿಂದ ಕೇಳಿದರು: "ಮಾಸ್ತರ್ರ, ನಿಮಗೂ ಮೊಣಕಾಲು ಹಿಡದಾವೇನ್ರಿ? ತಡಾ ಮಾಡಬ್ಯಾಡ್ರಿ, ಅಕ್ಕಾರ ಡಾಕ್ಟರ್ ಕಡೇನೇ ತೋರಸ್ರಿ."

ವಿಷಯ ವಿವರಿಸಬೇಕೆಂದರೆ ಶಿವನ ಮೇಲೆ ಇನ್ನೂ ಬಹಳ ಹೊತ್ತು ನಿಲ್ಲಬೇಕಾಗುತ್ತಿತ್ತು. "ತೋರಸ್ತೇನ್ರಿ" ಎಂದು ಹೇಳಿ, ಸ್ವಲ್ಪ ಕುಂಟುತ್ತಲೇ ಒಳಗೆ ಬಂದೆ.